ಮೊದಲು ಪಾತ್ರೆ ತೊಳಿ

ಮದುವೆಯಾಗಿ ಕೋಲಾರಕ್ಕೆ ಬಂದ ಮೊದಲ ಭಾನುವಾರ
ಹೆಂಗಸರ ಸಾಲಿನ ಕೊನೇ ಬೆಂಚಿನಲ್ಲಿ
ತಲೆ ಮೇಲೆ ಸೆರಗು ನಿಲ್ಲದೆ ಒದ್ದಾಡುತ್ತಿದ್ದೆ.
ಪಕ್ಕದಿಂದ ಒಂದು ಕೈ
ತನ್ನ ರವಿಕೆಯ ಪಿನ್ನು ಬಿಚ್ಚಿ ನನಗೆ ಚುಚ್ಚಿತು.
ಮುಖ ನೋಡಲು ತಿರುಗಿದರೆ
ಆಗಲೇ ಕಣ್ಣು ಮುಚ್ಚಿದ್ದಳು.

ಎಲಿಸಮ್ಮ. ಮಿಶನ್ ಆಸ್ಪತ್ರೆಯ ಬಾಣಂತಿ ವಾರ್ಡಿನಲ್ಲಿ
ಮೂವತ್ತೊಂದು ವರ್ಷ ಆಯಾ;
ಡೆಟಾಲು ಇನ್ನೂ ಬೆರಳಿನಲ್ಲಿತ್ತು.
ಕಲಿಸುತ್ತೇನೆ ಅಂತ ಯಾವತ್ತೂ ಅನ್ನಲಿಲ್ಲ.
ಗುರುವಾರ ಸಂಜೆ ಬಾಗಿಲಲ್ಲಿ ನಿಂತು
"ಬಾ ಅಮ್ಮಾಯಿ, ಒಂದ್ ಮನೆಗೆ ಹೋಗ್ಬೇಕು."
ಅಷ್ಟೇ. ಟೊಮೆಟೊ ಲಾರಿಗಳ ನಡುವೆ
ಅವಳ ಹವಾಯಿ ಚಪ್ಪಲಿಯ ಹಿಂದೆ ನಾನು,
ದೂರದಲ್ಲಿ ಅಂತರಗಂಗೆಯ ಬಂಡೆಗಳು
ಇಳಿಬಿಸಿಲಿಗೆ ಕೆಂಪಾಗಿ.

ನನಗೋ ಬಾಯಿಪಾಠ ಬಹಳ.
ಬೇಸಿಗೆ ರಜೆಯಲ್ಲಿ ವಚನ ಒಪ್ಪಿಸಿ
ಸ್ಟೀಲಿನ ಲೋಟ ಗೆದ್ದವಳು.
ಶೀಬಳ ಆರು ತಿಂಗಳ ಕೂಸು ಮಣ್ಣಾದ ಮೂರನೇ ದಿನ
ಹೊಸ್ತಿಲು ದಾಟುತ್ತಲೇ ಶುರು ಮಾಡಿದೆ:
ದೇವರ ಚಿತ್ತ...
ಎಲಿಸಮ್ಮ ನನ್ನ ಮೊಣಕೈ ಹಿಸುಕಿದಳು.
"ಹಿತ್ತಲಲ್ಲಿ ರಾಶಿ ಬಿದ್ದೈತೆ. ಮೊದಲು ಪಾತ್ರೆ ತೊಳಿ."

ತೊಳೆದೆ. ಸೀದ ಹಾಲಿನ ಪಾತ್ರೆ, ಮುದ್ದೆ ಒಣಗಿದ ತಟ್ಟೆ,
ಅಡಿಯಲ್ಲಿ ಒಂದು ಪುಟ್ಟ ಒಳಲೆ.
ಅದನ್ನು ಎರಡು ಸಲ ತೊಳೆದೆ,
ಎಲ್ಲಿಡಬೇಕೋ ತಿಳಿಯದೆ
ಕೈಯಲ್ಲೇ ಹಿಡಿದು ಕೂತೆ.
ಒಳಗೆ ಅವಳು
ಶೀಬಳ ಹಾಲು ಕಟ್ಟಿದ ಎದೆಗೆ
ತಣ್ಣನೆ ಬಟ್ಟೆ ಇಡುತ್ತ ತೆಲುಗಿನಲ್ಲಿ ಏನೋ ಗೊಣಗುತ್ತಿದ್ದಳು.
ಸಭೆಯಲ್ಲಿ ಅವಳ ಪ್ರಾರ್ಥನೆ ಕನ್ನಡದ್ದು,
ಅಯ್ಯನವರದ್ದರಷ್ಟೇ ಅಚ್ಚುಕಟ್ಟು.
ನೋವಿಗೆ ಮಾತ್ರ ತೆಲುಗು.

ಅವಳೇನು ದೇವದೂತೆಯಲ್ಲ.
ನಾನು ಕೂದಲು ಕತ್ತರಿಸಿಕೊಂಡು ಬಂದಾಗ
ಎರಡು ವಾರ ಮಾತು ಬಿಟ್ಟಳು;
ಮೂರನೇ ವಾರ ಅದೇ ಕೂದಲಿಗೆ
ಹರಳೆಣ್ಣೆ ತಂದು ತಿಕ್ಕಿದಳು, ಬೈಯುತ್ತಲೇ.

ಒಂದು ಸಂಜೆ ದಾರಿಯಲ್ಲಿ ಕೇಳಿದೆ:
ನಿಮಗೆ ಯಾವತ್ತೂ ಅನುಮಾನ ಬಂದಿಲ್ವಾ?
ಲಾರಿ ಹಾದುಹೋಗುವ ತನಕ ಸುಮ್ಮನೆ ನಿಂತಳು.
"ನಮ್ಮೆಜಮಾನ್ರು ಹೋದ ಮೇಲೆ ಮೂರು ವರ್ಷ
ಆತನ ಹತ್ರ ನಾನು ಬಾಯಿ ಬಿಡಲಿಲ್ಲ.
ಅನ್ನಕ್ಕೆ ಇಡೋವಾಗ ಸಭೆಗೆ ಅಂತ ಒಂದ್ ಹಿಡಿ ಅಕ್ಕಿ
ಡಬ್ಬಕ್ಕೆ ಬೀಳ್ತಾ ಇತ್ತು.
ನಂಬಿಕೆ ಅಂತ ಅಲ್ಲ. ಕೈಗೆ ರೂಢಿ."
ಆಮೇಲೆ?
"ಆಮೇಲೇನು, ಡಬ್ಬ ತುಂಬ್ತು.
ತಗೊಂಡು ಹೋಗ್ಬೇಕಲ್ಲ."

ಈಗ ಅವಳಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ.
ಯಾರ ಮನೆಯಲ್ಲಿ ಯಾರಿಗೆ ಜ್ವರ ಎಂದು
ಮಂಚದಿಂದಲೇ ಕೇಳಿ ನನ್ನನ್ನು ಅಟ್ಟುತ್ತಾಳೆ.

ಮೊನ್ನೆ ನರ್ಸಿಂಗ್ ಓದುವ ಬೆನೀಟಾ
ದೇವಾಲಯದ ಅಂಗಳದಲ್ಲಿ ತಡೆದು ಕೇಳಿದಳು,
"ಅಕ್ಕ, ಪ್ರಾರ್ಥನೆ ಮಾಡೋದು ಹೇಗೆ ಕಲಿತ್ರಿ?"
ವಚನವೊಂದು ನಾಲಿಗೆ ತುದಿಗೆ ಬಂತು,
ಸ್ಟೀಲಿನ ಲೋಟದ್ದು.
ನುಂಗಿಕೊಂಡೆ.
ಗುರುವಾರ ಬಿಡುವಿದೆಯಾ
ಎಂದು ಕೇಳಿದೆ.