ಯಾರ ಬೆರಳು

ಎರಡು ದಿನದ ಕೆಲಸ. ದಿನಕ್ಕೆ ಒಂಬೈನೂರು, ಮಧ್ಯಾಹ್ನ ಊಟ.
ಪಂಚಾಯತು ಆಫೀಸಿನ ಮಾಳಿಗೆಯಲ್ಲಿ ಕೂತು
ತುಳುವನ್ನು ಮಲಯಾಳಕ್ಕೆ ದಾಟಿಸುವುದು;
ಅಲ್ಲಿಂದ ಇಂಗ್ಲಿಷಿಗೆ ಅವರೇ ದಾಟಿಸಿಕೊಳ್ಳುತ್ತಾರೆ.
ನಡುವೆ ಕನ್ನಡ, ನನ್ನ ತಲೆಯೊಳಗೆ,
ಬಸ್ಸು ಬದಲಿಸುವ ಸ್ಟ್ಯಾಂಡಿನ ಹಾಗೆ.

ಗೋಡೆಗೆ ಅಂಟಿಸಿದ್ದರು ನಮ್ಮ ಪದವನ್ನು.
ಆಕಾಶದಿಂದ ತೆಗೆದದ್ದು, ಬೇಸಗೆಯಲ್ಲಿ;
ಕರಕಲು ದೋಸೆಯ ಬಣ್ಣ.
ಅದರ ಮೇಲೆ ಅಚ್ಚಾದ ಒಂದೇ ಶಬ್ದ: ತರಿಶ್.
ಬಂಜರು, ಅಂದೆ ನಾನು, ಯಾರೂ ಕೇಳದೆ.

ಕೋಟ್ಟಯದ ಜಿನ್ಸಿ ಕೆಟ್ಟವಳಲ್ಲ.
ಭೂಮಿ ಬಿಸಿಯಾಗುತ್ತಿದೆ, ಕಲ್ಲಿದ್ದಲು ನಿಲ್ಲಬೇಕು,
ಇಲ್ಲಿ ಬಿಸಿಲುಂಟು, ಮನೆಯಿಲ್ಲ, ಮರವಿಲ್ಲ,
ಮುನ್ನೂರು ಎಕ್ರೆ ಸೋಲಾರ್ ಹಾಸಿದರೆ
ಇಂತಿಷ್ಟು ಟನ್ನು ಹೊಗೆ ತಪ್ಪುತ್ತದೆ ಜಗತ್ತಿಗೆ.
ಹೌದಲ್ಲ, ಅನ್ನಿಸಿತು ನನಗೂ.

ಕೊನೆಯ ಬೆಂಚಿನಿಂದ ದೂಮಪ್ಪ ಮೂಲ್ಯರು ಎದ್ದರು.
ಎದ್ದದ್ದು ಅರ್ಧ. ನಲವತ್ತು ವರ್ಷ ಸುರಂಗ ತೋಡಿದ ಬೆನ್ನು
ಒಳಗಿನ ಅಳತೆಗೇ ನಿಂತುಬಿಟ್ಟಿದೆ.
"ಮರ ಇಲ್ಲ ಅಂತೀರಿ.
ಅದು ಬಾಯಿ. ಬಾಯಿಯೊಳಗೆ ಮರ ಯಾಕೆ?
ಆಟಿ ತಿಂಗಳಿಡೀ ಕುಡಿಯುತ್ತದೆ.
ಮುರಕಲ್ಲಿನ ತೂತು ತೂತು ಇಳಿದು
ಸೇಡಿಮಣ್ಣು ಸಿಕ್ಕಲ್ಲಿ ಕೂತು, ಬದಿಗೆ ಜರುಗಿ, ಜರುಗಿ
ಬೀಪಾತುಮ್ಮನ ಅಡುಗೆಮನೆಯ ಹಿಂದೆ ಹೊರಗೆ ಬರುತ್ತದೆ.
ಅವಳದ್ದು ಸೇರಿ ಮೂವತ್ತೆರಡು ಮನೆ."

ನಾನು ಜಲಮರುಪೂರಣ ಅಂದೆ. ಬಾಯಿ ಬಿದ್ದುಹೋಯಿತು.
ಜೇಡಿಪದರ ಅಂದೆ.
ಅವರಜ್ಜಿ ಗೋಡೆಗೆ ಬಳಿಯುತ್ತಿದ್ದ ಬಿಳಿ,
ಅವರಪ್ಪ ಚೂರು ನಾಲಗೆಗಿಟ್ಟು
ನೀರು ಇನ್ನೆಷ್ಟು ಕೋಲು ದೂರ ಎಂದು ಹೇಳುತ್ತಿದ್ದ ಬಿಳಿ
ಅದೂ ಬಿತ್ತು.
ತುಂಬಿದ ಕೊಡ ಹೊತ್ತು ಸಂಕ ದಾಟುವವಳ ಹಾಗೆ
ಆಚೆ ದಡಕ್ಕೆ ನಾನು ಮುಟ್ಟಿಸಿದ್ದು ಕೊಡ.

"ದಿನಕ್ಕೆ ಎಷ್ಟು ಲೀಟರ್?"
"ನವರಾತ್ರಿಗೆ ಹೆಬ್ಬೆಟ್ಟು. ಶಿವರಾತ್ರಿಗೆ ಕಿರುಬೆರಳು.
ಪತ್ತನಾಜೆಗೆ ಒಂದು ಹನಿ,
ಒಂದು ಉಸಿರು,
ಇನ್ನೊಂದು ಹನಿ."

"ಯಾರ ಬೆರಳು?"
ತಮಾಷೆಗಲ್ಲ, ಅವಳಿಗೆ ಕಾಲಂ ತುಂಬಬೇಕಿತ್ತು.
ಸಭೆ ನಕ್ಕಿತು. ನಗುವನ್ನು ನಾನು ಅನುವಾದಿಸಲಿಲ್ಲ.

ದೂಮಪ್ಪರು ಮಾತ್ರ ನಗಲಿಲ್ಲ.
ಎಲೆಯಡಿಕೆಯ ಸುಣ್ಣ ಬೆರಳ ತುದಿಗೆ ತೆಗೆದು
ಆ ದೊಡ್ಡ ಫೋಟೋದ ಹತ್ತಿರ ಹೋದರು.
"ಬೇಡ ಅನ್ನುವುದಿಲ್ಲ. ಸೂರ್ಯನೂ ದುಡಿಯಲಿ.
ಇಲ್ಲಿ ಒಂದು ಪಳ್ಳ, ಎರಡು ಎಮ್ಮೆ ಬೀಳುವಷ್ಟು.
ಇಲ್ಲಿ ಬಿರುಕು.
ಇಲ್ಲಿ ಕಾಕಪ್ಪೂ ಅರಳುತ್ತದೆ, ನಿಮ್ಮ ಓಣಂ ಹೊತ್ತಿಗೆ.
ನೀಲಿ ಕಂಡಲ್ಲಿ ಕಾಂಕ್ರೀಟು ಹೊಯ್ಯಬೇಡಿ.
ಉಳಿದಲ್ಲಿ ಹಾಸಿಕೊಳ್ಳಿ. ಕಲ್ಲಿನ ಮೇಲೆ ಕೂರಿಸಿ, ಕೊರೆಯಬೇಡಿ."
ಬಂಜರಿನ ಮೇಲೆ ಏಳು ಬಿಳಿ ಬೊಟ್ಟು.
ಒಂದು ಸರಿಯಾಗಿ ಆ ಶಬ್ದದ ಮೇಲೆಯೇ.
ಸೆಕ್ರೆಟರಿ ಟವೆಲು ಹುಡುಕಿದರು;
ಜಿನ್ಸಿ ಬೇಡವೆಂದು ಕೈ ಅಡ್ಡ ಹಿಡಿದಳು.

ಮರುದಿನ ಬೀಪಾತುಮ್ಮನ ಸುರಂಗ.
ಮುಂದೆ ಮೇಣದಬತ್ತಿ, ಹಿಂದೆ ದೂಮಪ್ಪರು, ಅವರ ಹಿಂದೆ ಅವಳು.
ಮೂರನೆಯವರು ಹಿಡಿಸುವುದಿಲ್ಲ ಅದರಲ್ಲಿ.
ನಾನು ಬಾಗಿಲಲ್ಲಿ ಅವಳ ಚಪ್ಪಲಿ, ಫೋನು, ಅಳತೆಯ ಟೇಪು
ಹಿಡಿದುಕೊಂಡು ನಿಂತೆ.
ಬಾವಲಿಯೊಂದು ಹೊರಗೆ ಬಂತು. ಬೀಪಾತುಮ್ಮ ಚಹಾ ತಂದರು,
ಅದು ಆರಿತು.
ಒಳಗಿನಿಂದ ಮಾತು ಕೇಳಲಿಲ್ಲ. ಮಾತೇ ಇರಲಿಲ್ಲವೇನೋ.

ಬಂದಳು. ಮಂಡಿವರೆಗೆ ಕೆಂಪು, ಕೂದಲಲ್ಲಿ ಸೇಡಿ,
ಒದ್ದೆ ಕಿರುಬೆರಳನ್ನು ಎತ್ತಿ ಹಿಡಿದಿದ್ದಾಳೆ,
ಒರೆಸಿದರೆ ಲೆಕ್ಕ ಅಳಿಸೀತು ಎಂಬ ಹಾಗೆ.
"ಎಂಟೆ ವಿರಲ್," ಅಂದಳು ಅವರಿಗೆ.
ನನ್ನ ಬೆರಳು.
ನಾನು ಬಾಯಿ ತೆರೆಯುವ ಮೊದಲೇ ಅವರು ತಲೆಯಾಡಿಸಿಯಾಗಿತ್ತು.

ಯೋಜನೆ ಈಗ ಯಾವ ಮೇಜಿನಲ್ಲಿದೆಯೋ, ಗೊತ್ತಿಲ್ಲ.
ಬೊಟ್ಟುಗಳು ಸ್ಕ್ಯಾನಿನಲ್ಲಿ ಬಿದ್ದವೋ ಇಲ್ಲವೋ.
ಎರಡನೇ ದಿನದ ಒಂಬೈನೂರು ನನಗಿನ್ನೂ ಬಂದಿಲ್ಲ.
ಕೇಳಲು ನಾಚಿಕೆ.
ಆ ದಿನ ನಾನು ಒಂದು ಶಬ್ದವನ್ನೂ ದಾಟಿಸಿರಲಿಲ್ಲ.