ಮೂರಡಿ ಜೇಡಿ

ವರ್ಲಿನ್ ಟೋಸ್ಟ್ರುಡ್ ಹದಿನೇಳು ವರ್ಷ ಬರೆದದ್ದು
ಒಂದೇ ಅಂಕಿ: ಸೊನ್ನೆ.
ತಿಂಗಳ ಮೊದಲ ಮಂಗಳವಾರ ಗುಂಡಿಗಿಳಿದು
ತಳದ ಜಾಡಿ ಬೆಳಕಿಗೆ ಹಿಡಿದು, ಸೊನ್ನೆ.
ಒಮ್ಮೆ ಮಾತ್ರ ಪುಟದ ಅಂಚಿನಲ್ಲಿ:
‘ಜಾಡಿಯೊಳಗೆ ಜೇಡ. ಸತ್ತಿದೆ.’

ಈಗ ಆ ಪುಸ್ತಕ ನನ್ನದು, ಗುಂಡಿಯ ಬೀಗದ ಕೈಯೂ.

ನೆತ್ತಿಯ ಮೇಲೆ ಮೂರಡಿ ಜೇಡಿಮಣ್ಣು, ಅದರ ಮೇಲೆ
ಕೆಂಪು ಬಣ್ಣ ಕಲಸಿದ ಒಂದಡಿ ನೀರು
ಇಳಿಯಲು ದಾರಿ ಹುಡುಕುತ್ತ.
ಕುರಿಗೊರಸಿನ ರೋಲರ್ ಓಡಿಸಿ ತುಳಿಸಿದವನೂ ವರ್ಲಿನ್ನೇ.
ಒಣಗಿದ್ದರೆ ಹೆಂಟೆ ಹೆಂಟೆಯಾಗೇ ಉಳಿದು
ನಡುವೆ ಸಂದು ಬಿಡುತ್ತದೆ,
ತುಸು ಹೆಚ್ಚೇ ಹಸಿಯಿರಲಿ, ನಾದಿದ ಹಿಟ್ಟಿನಷ್ಟು,
ಅನ್ನುತ್ತಿದ್ದನಂತೆ, ಅಂಗೈಯಲ್ಲಿ ಹಿಚುಕಿ ತೋರಿಸಿ.

ನೀರು ಕೆಳಗೆ ಮುಟ್ಟಲು ಲೆಕ್ಕದ ಪ್ರಕಾರ ಮೂವತ್ತು ವರ್ಷ.
ಲೆಕ್ಕಕ್ಕೇನು ಗೊತ್ತು ಮಿನೆಸೋಟದ ಚಳಿ?
ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ
ಕೂದಲೆಳೆಯ ಬಿರುಕು ಎಲ್ಲೋ ಹೊಂಚುತ್ತಿರಬಹುದು.

ಆಚೆ ದಿಬ್ಬದಲ್ಲಿ, ಇಂಥದ್ದೇ ಮಣ್ಣಿನ ಮೇಲೆ
ಮೂರು ಊರುಗಳ ಕಸ: ಡೈಪರು, ಬ್ಯಾಟರಿ, ಪೇಂಟ್ ಡಬ್ಬಿ,
ವರ್ಲಿನ್ ಕೊನೆಗೆ ಮಲಗಿದ್ದ ಹಾಸಿಗೆ.
ಇಳಿಜಾರಿನ ಕೆಳಗೆ ಬಾವಿಗಳು.

ನಿಜ ಹೇಳಲೇ? ಕೆಲವು ಮಂಗಳವಾರ
ಒಂದು ಹನಿ ಕಂಡರೂ ಸಾಕು ಅನ್ನಿಸಿದ್ದಿದೆ,
ಬರೆಯಲು ಏನಾದರೂ.

ಇವತ್ತು ಜಾಡಿಯ ಒಳಮೈ ತೇವ.
ಬಿಳಿ ಕಾಗದದಲ್ಲಿ ಒರೆಸಿದೆ.
ಕೆಂಪಿಲ್ಲ.
ಬಗ್ಗಿ ನೋಡಿದ ನನ್ನದೇ ಉಸಿರು
ತಣ್ಣಗಿನ ಗಾಜಿಗೆ ಬೆವರಾಗಿ ಅಂಟಿತ್ತು.

ಬರೆದೆ: ಸೊನ್ನೆ.
ಅವನದಕ್ಕಿಂತ ನನ್ನದು
ಸ್ವಲ್ಪ ನಡುಗಿದೆ.