ಘಟ್ಟ ಇಳಿದ ಹೊಟ್ಟೆ

ನಸುಕಿನ ನಾಲ್ಕಕ್ಕೆ ಕುದ್ರೋಳಿಯಲ್ಲಿ ಲಾರಿ ನಿಂತಿತು.
ಚಾರ್ಮಾಡಿಯ ತಿರುವುಗಳನ್ನೆಲ್ಲ ಮೈಯಲ್ಲಿ ಹೊತ್ತ ಕುರಿಗಳು
ಸಪಾಟು ನೆಲದ ಮೇಲೂ ಎಡಕ್ಕೆ ವಾಲುತ್ತ ನಿಂತವು.
ನನ್ನ ಕೈಯಲ್ಲಿ ಟಾರ್ಚು, ಜೇಬಿನಲ್ಲಿ ನೇರಳೆ ಶಾಯಿಯ ಮೊಹರು.
ಚೀಟಿಯಲ್ಲಿ ನಲವತ್ತೊಂದು. ಇಳಿದದ್ದೂ ನಲವತ್ತೊಂದು.
ಲೆಕ್ಕ ಸರಿ ಎಂದು ಬರೆದೆ.
ಆಮೇಲೆ ಹಲಗೆಯ ಮೂಲೆಗೆ ಬೆಳಕು ಬಿಟ್ಟರೆ
ಒಂದು ಸತ್ತು ಮಲಗಿತ್ತು,
ಒಂದು ಒದ್ದೆಯಾಗಿ ನಿಂತಿತ್ತು.

ಗಬ್ಬದ ಕುರಿ ಹತ್ತಿಸಬಾರದೆಂದು ನಿಯಮ.
ನಿಯಮ ಘಟ್ಟದ ಮೇಲೆ ಉಳಿದಿತ್ತು.

ಬೋಟಿ ತೊಳೆಯುವ ಅವ್ವಮ್ಮ ಏನೂ ಕೇಳಲಿಲ್ಲ.
ಗೋಣಿಯಲ್ಲಿ ಸುತ್ತಿದಳು, ಬಂದರಿನ ಮೊದಲ ದೋಣಿ ಹತ್ತಿದಳು,
ಬೆಂಗ್ರೆಯ ಮರಳಿನ ಮೇಲಿನ ಮನೆಗೆ ಒಯ್ದಳು.
ಸಂಜೆ ನೋಡಹೋದರೆ ಬಾಟಲಿ ಎತ್ತಿ ಹಿಡಿದಿದ್ದಳು:
"ಕುತ್ತಿಗೆ ಮೇಲಿರಬೇಕು ಡಾಕ್ಟ್ರೆ,
ಬಗ್ಗಿಸಿ ಕುಡಿಸಿದರೆ ಹಾಲು ದಾರಿ ತಪ್ಪುತ್ತದೆ."

ನಾನು ಐದು ವರ್ಷ ಓದಿದ್ದು ಅದನ್ನೇ.
ಕತ್ತು ಚಾಚಿ ಚೀಪುವಾಗ ಒಳಗೊಂದು ತೋಡು ಮಡಚಿ ಕೊಳವೆಯಾಗಿ
ಮೂರು ಮನೆಗಳ ಕದ ತಟ್ಟದೆ
ಹಾಲನ್ನು ನಾಲ್ಕನೆಯದಕ್ಕೆ ಇಳಿಸುತ್ತದೆ.
ಮುಂದೆ ಊರನ್ನೇ ನುಂಗಬೇಕಾದ ದೊಡ್ಡ ಚೀಲ
ಈಗ ಸಂತೆಗೆ ಹೊರಡದ ಕೈಚೀಲ,
ಮಡಿಕೆ ಬಿಚ್ಚಿಲ್ಲ.

ಅವಳ ಕಲ್ಲಿನ ಮೇಲೆ ಎಲ್ಲ ಚೀಲಗಳೂ ಬಿಚ್ಚಿಕೊಳ್ಳುತ್ತವೆ.
ಇದು ಟವಲು, ಇದು ಜೇನುಗೂಡು, ಇದು ಕಿತಾಬು.
ಕಿತಾಬಿನ ಹಾಳೆಗಳ ನಡುವೆ ಬೆರಳಾಡಿಸಿ ಹೇಳುತ್ತಾಳೆ:
ಇದು ಜೋಳದ ದಂಟು, ಇದು ಜಾಲಿಕಾಯಿ ತಿಂದದ್ದು,
ಇದು ಪಾಪ, ದಾರಿಬದಿಯ ಪ್ಲಾಸ್ಟಿಕ್ಕು.
ಉಪ್ಪಿನಂಗಡಿ ದಾಟದವಳಿಗೆ
ಬಯಲುಸೀಮೆಯ ಮೇವೆಲ್ಲ ಗೊತ್ತು, ನೀರಿಲ್ಲದ ತಿಂಗಳು ಸಹ.

ಒಂದು ದಿನ ಅವಳಿಗೆ ಹೇಳಿದೆ,
ಹಿಮದ ಬೆಟ್ಟದ ಕುರಿಗಳ ವಿಷಯ.
ಗಾಳಿ ತೆಳ್ಳಗಾಗಿ ಹುಲ್ಲು ಬಡವಾದಲ್ಲಿ
ಹೊಟ್ಟೆಯೊಳಗಿನ ಕಣ್ಣಿಗೆ ಕಾಣದ ಒಕ್ಕಲೇ ಬದಲಾಗಿ
ತೇಗಿನಲ್ಲಿ ಕಳೆಯುವುದನ್ನು ಕಡಿಮೆ ಮಾಡಿ
ಅದೇ ಒಣದಂಟಿನಿಂದ ಇನ್ನೊಂದು ತುತ್ತು ಹಿಂಡುತ್ತದಂತೆ.
ಅವ್ವಮ್ಮ ಸುಣ್ಣದ ಕೈ ತಡೆದು ನಕ್ಕಳು:
"ಮೇಲೆ ಹೋದ ಮೇಲೆ ತೇಗು ಕಡಿಮೆಯಾ?
ನಾನು ಕಂಡದ್ದು ಬೇರೆ, ಮಾರಾಯ್ರೆ."
ಮತ್ತೆ, ನಗು ಮುಗಿದ ಮೇಲೆ:
"ಕೆಳಗೆ ಇಳಿದವಕ್ಕೆ ಏನಾಗ್ತದೆ?"

ಗೊತ್ತಿರಲಿಲ್ಲ.
ನನ್ನದು ಹಿರಿಯೂರಿನ ಹೊಟ್ಟೆ. ಮುದ್ದೆ ಬಿಟ್ಟು
ಕುಚ್ಚಲಕ್ಕಿಯ ಗಂಜಿಗೆ ಒಗ್ಗಲು ಎರಡು ಮಳೆಗಾಲ ಬೇಕಾಯಿತು.
ಅದನ್ನು ಯಾರೂ ಬರೆದಿಟ್ಟಿಲ್ಲ.

ಇಪ್ಪತ್ತನೆಯ ದಿನ ಮರಿ ಹಲಸಿನ ಸೊಪ್ಪು ಮೂಸಿತು, ಕಡಿಯಿತು,
ರಾತ್ರಿ ಹೊಟ್ಟೆ ಉಬ್ಬಿ ಕಾಲು ಒದರಿತು.
ತಾಯಿ ನೆಕ್ಕಿ ದಾಟಿಸಬೇಕಾದದ್ದೊಂದು
ಇದಕ್ಕೆ ದಾಟಿರಲಿಲ್ಲ.
ಮಾರನೆಯ ನಸುಕು, ನಾನು ಮೊಹರು ಒತ್ತುತ್ತಿರುವಾಗಲೇ,
ಆಗಷ್ಟೇ ಬಿಚ್ಚಿದ ಹೊಟ್ಟೆಯಿಂದ ಒಂದು ಹಿಡಿ
ಹಬೆಯಾಡುವ ಹಸಿರು ತೆಗೆದು
ಊಟದ ಡಬ್ಬಿಯಲ್ಲಿಟ್ಟು ದೋಣಿಗೆ ಓಡಿದಳು ಅವ್ವಮ್ಮ.
ಮರಿಯ ನಾಲಿಗೆಗೆ, ವಸಡಿಗೆ ಬೆರಳಿನಿಂದ ಒರೆಸಿದಳಂತೆ.
ಯಾವ ಕುರಿಯದೆಂದು ಅವಳು ನೋಡಿರಲಿಲ್ಲ.
ನಾನು ನೋಡಿದ್ದೆ, ಸಂಖ್ಯೆ ಹದಿನೇಳು. ಹೇಳಲಿಲ್ಲ.

ಐವತ್ತು ದಿನ ಕಳೆದಿರಬಹುದು.
ಬಲೆಗಳು ಒಣಗುವ ಕಡೆ, ಸಮುದ್ರಕ್ಕೆ ಬೆನ್ನು ಹಾಕಿ
ಕಾಲು ಮಡಚಿ ಕೂತಿತ್ತು. ಮುಂದೆ ಸೊಪ್ಪಿಲ್ಲ, ಏನೂ ಇಲ್ಲ,
ದವಡೆ ಮಾತ್ರ ಅಡ್ಡಡ್ಡ ತಿರುಗುತ್ತಿತ್ತು.
"ಗಂಟಲು ನೋಡಿ ಡಾಕ್ಟ್ರೆ," ಎಂದಳು.
ಉಣ್ಣೆಯ ಒಳಗೆ ಒಂದು ಉಂಡೆ
ಸರಸರನೆ ಮೇಲೇರಿತು.
ಅದು ಹತ್ತಿದ ಮೊದಲ ಘಟ್ಟ.